ಗೆರೆ ಕಾಣದ ಲೋಟ

"ಗುರುಗಳೇ, ಕಳಂಕವೇ ಇಲ್ಲದವನು ದೊಡ್ಡವನೋ, ಇದೆ ಇದೆ ಎಂದು ದಿನವೂ ಒಪ್ಪಿಕೊಳ್ಳುವವನು ದೊಡ್ಡವನೋ?"

ಕೇಳಿದವನು ಚನ್ನವೀರ. ಕೇಳಿದ ಧಾಟಿ ನೋಡಿದರೆ ಉತ್ತರವನ್ನೂ ಅವನೇ ಶಲ್ಯದ ತುದಿಗೆ ಗಂಟು ಹಾಕಿಕೊಂಡು ಬಂದಂತಿತ್ತು.

ಗುರುಗಳು ಮಠದ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಒಂದು ಬೀಜ ಬಾಯಿಗೆ ಹಾಕಿಕೊಂಡು, "ಇದು ಯಾರ ಬಗ್ಗೆ?" ಎಂದರು.

"ಯಾರ ಬಗ್ಗೆಯೂ ಅಲ್ಲ ಗುರುಗಳೇ. ಸುಮ್ಮನೆ ತತ್ವ ತಿಳಿಯೋಣ ಅಂತ."

"ಹೌದೌದು. ತತ್ವವನ್ನು ಕರೆದುಕೊಂಡು ಹೋಗಲು ಇವತ್ತು ಸಂಜೆ ಜೀಪು ಬೇರೆ ಬರುತ್ತದಲ್ಲ."

ಚನ್ನವೀರನ ಕಿವಿ ಕೆಂಪಾಯಿತು. ಬೆಟ್ಟದ ಆಚೆಯ ಊರಿನ ಭಕ್ತರು ಹೊಸದಾಗಿ ಒಂದು ಮಠ ಕಟ್ಟಿದ್ದರು. ನಿಮ್ಮ ಶಿಷ್ಯರಲ್ಲಿ ಒಬ್ಬರನ್ನು ಕಳಿಸಿಕೊಡಿ, ನಮ್ಮಲ್ಲಿಯೇ ಇದ್ದು ನಾಲ್ಕು ಒಳ್ಳೆಯ ಮಾತು ಹೇಳಲಿ ಎಂದು ಕೇಳಿಕೊಂಡಿದ್ದರು. ಇದ್ದ ಶಿಷ್ಯರು ಇಬ್ಬರೇ, ಚನ್ನವೀರ ಮತ್ತು ಮರುಳಯ್ಯ. ಯಾರು ಹೋಗಬೇಕು ಎಂಬುದನ್ನು ಗುರುಗಳು ಇನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಚನ್ನವೀರನಿಗೆ ಅನ್ನ ಸೇರುತ್ತಿರಲಿಲ್ಲ.

ಗುರುಗಳ ಮಠದಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಎದ್ದು ಶಿಷ್ಯರು ಕಣ್ಣು ಮುಚ್ಚಿ ಕೂತು ತಮ್ಮ ಮನಸ್ಸನ್ನು ತಾವೇ ಪರೀಕ್ಷಿಸಿಕೊಳ್ಳಬೇಕು. ಆಮೇಲೆ ಗುರುಗಳ ಮುಂದೆ ಬಂದು, ಒಳಗೆ ಏನು ಕೊಳೆ ಕಂಡಿತು ಎಂದು ಹೇಳಬೇಕು. ಮರುಳಯ್ಯನದು ದಿನಕ್ಕೊಂದು ಪುರಾಣ. ಒಂದು ದಿನ ನೆರೆಮನೆಯ ಸೌತೆಕಾಯಿಯ ಮೇಲೆ ಆಸೆ, ಇನ್ನೊಂದು ದಿನ ಜಪದ ನಡುವೆ ನಿದ್ದೆ, ಮತ್ತೊಂದು ದಿನ ಗುರುಗಳು ಬೈದದ್ದಕ್ಕೆ ಗುರುಗಳ ಮೇಲೆಯೇ ಸಿಟ್ಟು. ಚನ್ನವೀರ ಮಾತ್ರ ಬಹಳ ಕಾಲದಿಂದ ಒಂದೇ ಮಾತು ಹೇಳುತ್ತಿದ್ದ. "ಏನೂ ಕಾಣಲಿಲ್ಲ ಗುರುಗಳೇ."

ಅಷ್ಟರಲ್ಲಿ ಮಠದ ಮೇಲೆ ಒಂದು ಪುಟ್ಟ ವಿಮಾನ ಗುರ್‍ರ್ ಎನ್ನುತ್ತ ಹಾದುಹೋಯಿತು. ಪಕ್ಕದ ಮೈದಾನದಲ್ಲಿ ವಿಮಾನ ಕಲಿಸುವ ಶಾಲೆ ಇತ್ತು. ಗುರುಗಳು ಕೈಯನ್ನು ಹಣೆಗೆ ಅಡ್ಡ ಹಿಡಿದು ಅದು ಕಣ್ಮರೆಯಾಗುವ ತನಕ ನೋಡಿದರು.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ಕಡಲೆಕಾಯಿಗೂ ಕೈ ಹಾಕಬೇಡ."

ಹೀಗೆಂದು ಗುರುಗಳು ಹೇಳತೊಡಗಿದರು.

ಒಂದು ಊರಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಎತ್ತಿನ ಗಾಣದಿಂದ ಶುರುವಾದ ಮನೆತನ. ಗಾಣ ಹೋಗಿ ಮಿಲ್ಲು ಬಂತು, ಗಾಡಿ ಹೋಗಿ ಕಾರು ಬಂತು. ಊರಿನ ಎಲ್ಲರ ಮನೆ ಮುಂದೆಯೂ ಕಾರು ಬಂದು ನಿಂತ ಮೇಲೆ ವ್ಯಾಪಾರಿಗೆ ಬೇಜಾರಾಯಿತು. ಒಂದು ಸಣ್ಣ ವಿಮಾನ ಕೊಂಡ. ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರಬಹುದು, ಮೂತಿಗೆ ಒಂದು ಫ್ಯಾನು, ಎರಡು ರೆಕ್ಕೆ, ರೆಕ್ಕೆಗೊಂದು ಪೆಟ್ರೋಲ್ ಟ್ಯಾಂಕು. ಅದನ್ನು ಹಾರಿಸಲು ಒಬ್ಬ ಚಾಲಕನನ್ನು ಇಟ್ಟುಕೊಂಡ. ಕತೆ ಈ ಚಾಲಕನದು.

ಚಾಲಕ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನಷ್ಟು ಶುದ್ಧವಾದ ಮನುಷ್ಯ ಭೂಮಿಯ ಮೇಲಿಲ್ಲ ಎಂಬ ಹುಳ ತಲೆಗೆ ಹೊಕ್ಕಿತ್ತು. ಹಾಲಿನವಳು ಹಾಲು ತಂದರೆ ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು "ನೀರು!" ಎನ್ನುತ್ತಿದ್ದ. ಹೋಟೆಲಿಗೆ ಹೋದರೆ ಸಾಂಬಾರಿಗೆ ಚಮಚ ಅದ್ದಿ "ನೀರು!" ಹೆಂಡತಿಯ ತವರಿನವರು ಬಂದು ಏನಾದರೂ ಹೇಳಿದರೆ "ಅದರಲ್ಲಿ ಅರ್ಧ ನೀರು!" ಹಾಲಿನವಳು ಕೊನೆಗೆ ಆ ಬೀದಿಗೆ ಬರುವುದನ್ನೇ ಬಿಟ್ಟಳು. ಹೆಂಡತಿ ಎಲ್ಲಿಗೆ ಹೋಗುತ್ತಾಳೆ, ಪಾಪ.

ಅವನಿಗೆ ನಸ್ಯ ಏರಿಸುವ ಚಟ. ಏರಿಸಿ ಏರಿಸಿ ಮೂಗು ಸತ್ತುಹೋಗಿತ್ತು. ಮಲ್ಲಿಗೆ ಹೂವೂ ಒಂದೇ, ಕೊಳೆತ ಈರುಳ್ಳಿಯೂ ಒಂದೇ. ಆ ಮೂಗಿಗೆ ಉಳಿದಿದ್ದ ಕೆಲಸ ಕನ್ನಡಕ ಹೊರುವುದು. ಕನ್ನಡಕ ನೀಲಿ ಗಾಜಿನದು. ಬಿಸಿಲಿಗೆಂದು ಹಾಕಿಕೊಂಡವನು, ಅದರಲ್ಲಿ ತಾನು ಚೆಂದ ಕಾಣುತ್ತೇನೆ ಎಂದು ಯಾರೋ ಹೇಳಿದ ಮೇಲೆ ನೆರಳಿಗೂ ಹಾಕಿಕೊಂಡ.

ಈಗ ಪೆಟ್ರೋಲಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಿನಗೆ ಕತೆ ಗೊತ್ತಾಗುವುದಿಲ್ಲ. ಇಂಥ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ, ಕಣ್ಣಿಗೆ ಗುರುತು ಸಿಗಲಿ ಎಂದು. ಟ್ಯಾಂಕಿಗೆ ಹೇಗಾದರೂ ನೀರು ಸೇರಿದರೆ ಅದು ಪೆಟ್ರೋಲಿನ ಜೊತೆ ಬೆರೆಯುವುದಿಲ್ಲ, ಭಾರವಾದದ್ದರಿಂದ ತಳಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಹಾರುವ ಮುಂಚೆ ಟ್ಯಾಂಕಿನ ತಳದಿಂದ ಒಂದು ಗಾಜಿನ ಲೋಟದಷ್ಟು ಬಸಿದು ಬೆಳಕಿಗೆ ಹಿಡಿಯಬೇಕು. ನೀರಿದ್ದರೆ ಕೆಳಗೆ ನೀರು, ಮೇಲೆ ಪೆಟ್ರೋಲು, ನಡುವೆ ಒಂದು ಗೆರೆ ಕಾಣುತ್ತದೆ. ಆ ಗೆರೆ ಹೋಗುವ ತನಕ ಬಸಿದು ಚೆಲ್ಲಬೇಕು. ಇದು ಶಾಸ್ತ್ರ.

ಇನ್ನೊಂದು, ಹದ. ಇಂಜಿನ್ನಿಗೆ ಬರೀ ಪೆಟ್ರೋಲು ಕುಡಿಸಿದರೆ ಆಗದು, ಜೊತೆಗೆ ಗಾಳಿಯೂ ಬೇಕು. ನೆಲದ ಹತ್ತಿರ ಗಾಳಿ ದಟ್ಟ, ಮೇಲೆ ಹೋದ ಹಾಗೆ ತೆಳು. ಗಾಳಿ ತೆಳುವಾದ ಹಾಗೆ ಪೆಟ್ರೋಲನ್ನೂ ಕಡಿಮೆ ಮಾಡಬೇಕು, ಇಳಿಯುವಾಗ ಮತ್ತೆ ಹೆಚ್ಚು ಮಾಡಬೇಕು. ಅದಕ್ಕೆ ಚಾಲಕನ ಮುಂದೆ ಒಂದು ಕೆಂಪು ಗುಂಡಿ ಇರುತ್ತದೆ. ಒಳಗೆ ತಳ್ಳಿದರೆ ಹೆಚ್ಚು, ಹೊರಗೆ ಎಳೆದರೆ ಕಡಿಮೆ. ಅದನ್ನು ಅವರು ಮಿಕ್ಚರ್ ಎನ್ನುತ್ತಾರೆ. ಹೋಳಿಗೆಯ ಕಣಕ ನಾದುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ಚಾಲಕ ಈ ಹದದಲ್ಲಿ ಎತ್ತಿದ ಕೈ. ಇಂಜಿನ್ನಿನ ಸದ್ದು ಕೇಳಿಯೇ ಗುಂಡಿಯನ್ನು ಕೂದಲೆಳೆಯಷ್ಟು ಆಚೆ ಈಚೆ ಮಾಡಿ, ವೀಣೆ ಶ್ರುತಿ ಮಾಡಿದವರ ಹಾಗೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಪಕ್ಕದಲ್ಲಿ ಕೂತವರಿಗೆ ಅವನು ಕಣ್ಣು ಮುಚ್ಚುವುದು ಅಷ್ಟು ಹಿಡಿಸುತ್ತಿರಲಿಲ್ಲ.

ವ್ಯಾಪಾರಿಯ ಮಗಳಿಗೆ ಘಟ್ಟದ ಕೆಳಗಿನ ಊರಿನ ವರ ಗೊತ್ತಾಯಿತು. ನಿಶ್ಚಿತಾರ್ಥ ಅಲ್ಲಿಯೇ. ಮನೆಯವರೆಲ್ಲ ಹಿಂದಿನ ದಿನವೇ ಕಾರಿನಲ್ಲಿ ಹೋದರು. ವ್ಯಾಪಾರಿ ಮಾತ್ರ ಉಳಿದ. ಬೀಗರು ನೋಡುತ್ತಿರುವಾಗ ಆಕಾಶದಿಂದ ಇಳಿಯಬೇಕು ಎಂಬುದು ಅವನ ಆಸೆ. ಇಷ್ಟಕ್ಕೂ ವಿಮಾನ ಕೊಂಡದ್ದು ಯಾಕೆ ಮತ್ತೆ?

ವಿಮಾನ ನಿಲ್ಲಿಸುವ ಶೆಡ್ಡು ಮೊದಲು ಲಾರಿಗೆಂದು ಕಟ್ಟಿಸಿದ್ದು. ವಿಮಾನದ ಎಡಗಡೆ ರೆಕ್ಕೆ ಹೊರಗೇ ಚಾಚಿಕೊಂಡಿರುತ್ತಿತ್ತು. ಆ ರಾತ್ರಿ ಕಾಲವಲ್ಲದ ಕಾಲದಲ್ಲಿ ಧೋ ಎಂದು ಮಳೆ ಬಂತು. ಎಡಗಡೆ ಟ್ಯಾಂಕಿನ ಮುಚ್ಚಳದ ರಬ್ಬರು ಒಣಗಿ ಸೀಳಿತ್ತು. ಮಳೆ ನೀರು ಸ್ವಂತ ಮನೆಗೆ ಹೋದ ಹಾಗೆ ಒಳಗೆ ಹೋಯಿತು.

ಬೆಳಿಗ್ಗೆ ಚಾಲಕ ಲೋಟ ಹಿಡಿದು ಬಂದ. ವ್ಯಾಪಾರಿ ರೇಷ್ಮೆ ಪಂಚೆ ಉಟ್ಟು, ಬೀಗರಿಗೆಂದು ಮನೆಯಲ್ಲಿ ಕರಿದ ಖಾರದ ತಿಂಡಿಯ ಡಬ್ಬ ಕಂಕುಳಲ್ಲಿ ಇಟ್ಟುಕೊಂಡು, "ಬೇಗ ಆಗಲಿ ಸಾಹೇಬ್ರೇ, ರಾಹುಕಾಲ ಬಂದುಬಿಡುತ್ತೆ" ಎಂದು ಕಾಲು ಕುಣಿಸುತ್ತ ನಿಂತಿದ್ದ.

"ಶುದ್ಧಿಯ ವಿಷಯದಲ್ಲಿ ಅವಸರ ಕೂಡದು ಸಾವ್ಕಾರ್ರೇ" ಎಂದ ಚಾಲಕ.

ಮೊದಲು ಬಲಗಡೆ ಟ್ಯಾಂಕಿನಿಂದ ಬಸಿದ. ಬೆಳಕಿಗೆ ಹಿಡಿದ. ಲೋಟದ ತಳದಲ್ಲಿ ಸಣ್ಣ ಗೆರೆ. ಒಂದು ಬೆರಳಿನ ಉಗುರಿನಷ್ಟು ನೀರು.

"ಥೂ ನಿನ್ನ! ಇಷ್ಟು ದಿನ ನಂಬಿದ್ದೆನಲ್ಲ!" ಎಂದು ಟ್ಯಾಂಕಿಗೇ ಬೈದ. ಲೋಟ ಚೆಲ್ಲಿದ, ಮತ್ತೆ ಬಸಿದ, ಮತ್ತೆ ಚೆಲ್ಲಿದ. ಗೆರೆ ಹೋಯಿತು. ಅನುಮಾನ ಹೋಗಲಿಲ್ಲ. ಒಮ್ಮೆ ಕೆಟ್ಟ ಹೆಸರು ಬಂದ ಮೇಲೆ ಗಂಗೆಯಲ್ಲಿ ಮುಳುಗಿ ಎದ್ದರೂ ಅಷ್ಟೇ ಎನ್ನುವ ಜಾತಿಯವನು ಅವನು.

ಆಮೇಲೆ ಎಡಗಡೆಗೆ ಬಂದ. ಲೋಟ ತುಂಬ ಬಸಿದು ಬೆಳಕಿಗೆ ಹಿಡಿದ. ಮೇಲಿನಿಂದ ನೋಡಿದ, ಕೆಳಗಿನಿಂದ ನೋಡಿದ. ಅಂಚಿನಿಂದ ತಳದವರೆಗೆ ಒಂದೇ ಸಮ. ಗೆರೆಯಿಲ್ಲ, ಗುಳ್ಳೆಯಿಲ್ಲ. ಬಣ್ಣ ಬೇರೆ ನೀಲಿ, ಕನ್ನಡಕದ ದಯೆಯಿಂದ. ಮೂಗಿಗೂ ಹಿಡಿದ. ಮೂಗು ಯಾವ ಸುದ್ದಿಯನ್ನೂ ಹೇಳಲಿಲ್ಲ.

"ಆಹಾ! ನೋಡಿ ಸಾವ್ಕಾರ್ರೇ. ಒಂದು ಎಳೆ ಗೆರೆ ತೋರಿಸಿ, ಕೆಲಸ ಬಿಟ್ಟು ಹೋಗುತ್ತೇನೆ. ಗಂಗಾಜಲ ಇದ್ದ ಹಾಗಿದೆ!"

ಲೋಟದಲ್ಲಿದ್ದದ್ದನ್ನು ನೆಲಕ್ಕೆ ಚೆಲ್ಲಿದ. ಶೆಡ್ಡಿನ ಬೀದಿನಾಯಿ ಬಾಲ ಅಲ್ಲಾಡಿಸುತ್ತ ಬಂದು, ನೆಲದ ತಗ್ಗಿನಲ್ಲಿ ನಿಂತದ್ದನ್ನು ಲಬಲಬ ನೆಕ್ಕಿ ಕುಡಿಯಿತು.

ಚಾಲಕನ ಎದೆ ಉಬ್ಬಿತು. "ನೋಡಿದಿರಾ? ಶುದ್ಧ ಯಾವುದು, ಕೊಳಕು ಯಾವುದು ಎಂದು ಮೂಕ ಪ್ರಾಣಿಗೂ ತಿಳಿಯುತ್ತದೆ."

ಇಲ್ಲಿಗೆ ಬಂದಾಗ ಚನ್ನವೀರನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. "ಎಂಥ ಪೆದ್ದ ಗುರುಗಳೇ! ನಾಯಿ ಎಲ್ಲಾದರೂ ಪೆಟ್ರೋಲು ಕುಡಿದದ್ದುಂಟೇ? ಅಷ್ಟೂ ಹೊಳೆಯಬಾರದೇ?"

"ನಗು, ನಗು" ಎಂದರು ಗುರುಗಳು. "ನಗುವುದು ಇನ್ನೂ ಇದೆ, ಎಲ್ಲ ಈಗಲೇ ಖರ್ಚು ಮಾಡಬೇಡ."

ಇಬ್ಬರೂ ಹತ್ತಿ ಕೂತರು. ಯಾವ ಟ್ಯಾಂಕಿನಿಂದ ಪೆಟ್ರೋಲು ಬರಬೇಕು ಎಂಬುದಕ್ಕೆ ಕಾಲಿನ ಹತ್ತಿರ ಒಂದು ತಿರುಗಣೆ. ಅದು ಹಿಂದಿನ ದಿನದಿಂದ ಬಲಗಡೆಗೇ ಇತ್ತು. ವ್ಯಾಪಾರಿಯ ಅವಸರದಲ್ಲಿ ಚಾಲಕ ಅದನ್ನು ತಿರುಗಿಸಲು ಮರೆತ. ವಿಮಾನ ಓಡಿತು, ಏರಿತು, ಇಂಜಿನ್ನು ದುಂಬಿಯ ಹಾಗೆ ಒಂದೇ ಸಮ ಗುಂಯ್ ಎನ್ನುತ್ತಿತ್ತು. ಊರು ಬೆಂಕಿಪೊಟ್ಟಣದಷ್ಟಾಯಿತು. ಗಾಳಿ ತೆಳುವಾದ ಹಾಗೆ ಚಾಲಕ ಕೆಂಪು ಗುಂಡಿಯನ್ನು ನಾಜೂಕಾಗಿ ಎಳೆದು, ಕಣ್ಣು ಮುಚ್ಚಿ ತಲೆದೂಗಿದ. "ಹದ ಅಂದರೆ ಇದು" ಎಂದ.

ಮುಂದೆ ಘಟ್ಟದ ಸಾಲು ಕಂಡಿತು. ಆಗ ಅವನ ಕಣ್ಣು ಆ ತಿರುಗಣೆಯ ಮೇಲೆ ಬಿತ್ತು.

ಅಯ್ಯಯ್ಯೋ! ಇಷ್ಟು ಹೊತ್ತೂ ಆ ಗೆರೆ ಬಂದ ಟ್ಯಾಂಕಿನ ಮೇಲೆ ಹಾರುತ್ತಿದ್ದೇನಲ್ಲ! ಮೈಲಿಗೆಯಾದವನ ಹಾಗೆ ಬೆವರಿದ. ತಿರುಗಣೆಯನ್ನು ಫಟ್ಟನೆ ಎಡಕ್ಕೆ ತಿರುಗಿಸಿದ. ಆಮೇಲೆ ನಿಟ್ಟುಸಿರು ಬಿಟ್ಟು ಒಂದು ಚಿಟಿಕೆ ನಸ್ಯ ಏರಿಸಿದ.

ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಇಂಜಿನ್ನು ಒಮ್ಮೆ ಕೆಮ್ಮಿತು.

"ಏನದು?" ಎಂದ ವ್ಯಾಪಾರಿ.

"ಏನಿಲ್ಲ. ಆ ಬಲಗಡೆಯ ಹೊಲಸು ಕೊಳವೆಯಲ್ಲಿ ಸ್ವಲ್ಪ ಉಳಿದಿದೆ. ಅದು ಮುಗಿಯಲಿ, ನಮ್ಮ ಶುದ್ಧ ಬರುತ್ತದೆ."

ಶುದ್ಧ ಬಂತು. ಇಂಜಿನ್ನು ಖೊಕ್ ಖೊಕ್ ಎಂದು ನಾಯಿಕೆಮ್ಮು ಹಿಡಿದವರ ಹಾಗೆ ಕೆಮ್ಮತೊಡಗಿತು. ವಿಮಾನ ಗಡಗಡ ನಡುಗಿತು.

"ಹಾಂ, ಗೊತ್ತಾಯಿತು. ಮಿಕ್ಚರ್ ಕಡಿಮೆಯಾಗಿದೆ" ಎಂದ ಚಾಲಕ.

ವ್ಯಾಪಾರಿ ತಕ್ಷಣ ಕಂಕುಳಿನ ಡಬ್ಬದ ಮುಚ್ಚಳ ತೆಗೆದು ಮುಂದೆ ಹಿಡಿದ. "ಮೊದಲೇ ಹೇಳಬಾರದೇ ಸಾಹೇಬ್ರೇ? ಹಸಿದುಕೊಂಡು ಯಾಕೆ ಗಾಡಿ ಓಡಿಸುತ್ತೀರಿ? ತಗೊಳ್ಳಿ. ಅವಲಕ್ಕಿ ಸ್ವಲ್ಪ ಜಾಸ್ತಿಯಾಗಿದೆ, ಕಡಲೆಬೀಜ ತಳದಲ್ಲಿದೆ."

"ಆ ಮಿಕ್ಚರ್ ಅಲ್ಲ ಸಾವ್ಕಾರ್ರೇ!"

ಚಾಲಕ ಕೆಂಪು ಗುಂಡಿಯನ್ನು ಒಳಗೆ ತಳ್ಳಿದ. ಕೆಮ್ಮು ನಿಲ್ಲಲಿಲ್ಲ. ಹೊರಗೆ ಎಳೆದ. ಇನ್ನೂ ಜೋರಾಯಿತು. ಅರ್ಧ ತಳ್ಳಿದ, ಪಾವು ಎಳೆದ, ಕೂದಲೆಳೆಯಷ್ಟು ಸರಿಸಿದ, ಕಣ್ಣು ಮುಚ್ಚಿ ಕೇಳಿದ, ತೆರೆದು ಕೇಳಿದ. ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಆ ಒಂದು ಗುಂಡಿಯ ಮೇಲೆ ಸುರಿದ. ಪಾತ್ರೆಯಲ್ಲಿ ಹಿಟ್ಟೇ ಇಲ್ಲ, ಹದ ನೋಡುತ್ತಾನೆ ಪುಣ್ಯಾತ್ಮ! ಎತ್ತರದ ಗಾಳಿ ಸರಿಯಿಲ್ಲ ಎಂದ. ಘಟ್ಟದ ಮೋಡದ ತಂಪು ಎಂದ. ಸಾವ್ಕಾರ್ರು ಸ್ವಲ್ಪ ತೂಕ ಹೆಚ್ಚಾಗಿದ್ದೀರಿ ಎಂದ. ಕೊನೆಗೆ, ಆ ಡಬ್ಬ ಮುಚ್ಚಿ, ಅದರ ಎಣ್ಣೆ ವಾಸನೆಗೆ ಇಂಜಿನ್ನು ಹೀಗೆ ಮಾಡುತ್ತಿರಬೇಕು ಎಂದ. ವಾಸನೆ ಬಾರದ ಮೂಗಿನವನು ಹೇಳುವ ಮಾತು ನೋಡು.

ಖೊಕ್, ಖೊಕ್, ಖಟ್. ಇಂಜಿನ್ನು ನಿಂತಿತು.

ಆಕಾಶದಲ್ಲಿ ಇಂಜಿನ್ನು ನಿಂತರೆ ಎಷ್ಟು ನಿಶ್ಶಬ್ದ ಗೊತ್ತೇ? ಡಬ್ಬದೊಳಗೆ ಅವಲಕ್ಕಿ ಅಲುಗುವುದು ಕೂಡ ಕೇಳಿಸುತ್ತಿತ್ತಂತೆ.

ವ್ಯಾಪಾರಿಯ ಜೀವ ಬಾಯಿಗೆ ಬಂತು. ಆದರೂ ವ್ಯಾಪಾರಿಯ ಬುದ್ಧಿ, ಒಂದು ಅಂಗಡಿ ಮುಚ್ಚಿದರೆ ಇನ್ನೊಂದು ನೋಡುತ್ತದೆ. "ಸಾಹೇಬ್ರೇ, ಆ ಇನ್ನೊಂದು ಟ್ಯಾಂಕು ಇದೆಯಲ್ಲ?"

"ಅದರಲ್ಲಿ ನೀರಿತ್ತು! ನಾನೇ ಕಣ್ಣಾರೆ ಗೆರೆ ನೋಡಿದ್ದೇನೆ!"

"ಇಷ್ಟು ಹೊತ್ತು ಅದರ ಮೇಲೆಯೇ ಚೆನ್ನಾಗಿ ಬಂದೆವಲ್ಲ?"

"ಅದು ಅದೃಷ್ಟ. ಶಾಸ್ತ್ರ ಬೇರೆ, ಅದೃಷ್ಟ ಬೇರೆ. ಸತ್ತರೂ ಶುದ್ಧ ಪೆಟ್ರೋಲಿನ ಮೇಲೆಯೇ ಸಾಯೋಣ ಸಾವ್ಕಾರ್ರೇ."

"ಕೊಳಕು ಪೆಟ್ರೋಲಿನ ಮೇಲೆ ಬದುಕಿದರೂ ನನಗೆ ನಡೆಯುತ್ತದೆ ಮಾರಾಯಾ!" ಎಂದು ವ್ಯಾಪಾರಿ ಕಿರುಚಿದ.

ಚಾಲಕ ಕೇಳಲಿಲ್ಲ. ಕೆಳಗೆ ನೋಡಿದ. ನೆಲ ಮೇಲೆ ಮೇಲೆ ಬರುತ್ತಿತ್ತು. ಆಗ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಹೆಂಡತಿಯ ನೆನಪು ಬಂತು. ಬೆಳಿಗ್ಗೆ ಅವಳು ಕೊಟ್ಟ ಕಾಫಿಗೆ "ನೀರು" ಎಂದು ಹೇಳಿ ಬಂದಿದ್ದ. ಅದೇ ಕೊನೆಯ ಮಾತಾಗಿಬಿಡುತ್ತದಲ್ಲ ಎಂದು ಕೊರಗಿದ.

ಆದರೆ ಕೈ ಕೆಲಸ ಮರೆಯಲಿಲ್ಲ. ಅದನ್ನು ಒಪ್ಪಬೇಕು. ವಿಮಾನವನ್ನು ಹದ್ದಿನ ಹಾಗೆ ತೇಲಿಸಿಕೊಂಡು ಒಂದು ಬಟ್ಟ ಬಯಲು ಹುಡುಕಿದ. ಬಯಲು ಪೂರ್ತಿ ಕೆಂಪಗಿತ್ತು. ಕೆಮ್ಮಣ್ಣು ಇರಬೇಕು ಎಂದುಕೊಂಡ. ಕೆಮ್ಮಣ್ಣಲ್ಲ. ಒಬ್ಬ ರೈತ ಒಣಗಲು ಹರಡಿದ್ದ ಮೆಣಸಿನಕಾಯಿ.

ವಿಮಾನ ಮೆಣಸಿನಕಾಯಿಯ ಮೇಲೆ ಇಳಿದು, ಮೆಣಸಿನಕಾಯಿಯ ಮೇಲೆ ಓಡಿ, ಮೆಣಸಿನಕಾಯಿಯ ರಾಶಿಯೊಳಗೆ ಮೂತಿ ತೂರಿಸಿ ನಿಂತಿತು. ಜೀವಕ್ಕೆ ಏನೂ ಆಗಲಿಲ್ಲ. ಆದರೆ ಚಕ್ರಕ್ಕೆ ಸಿಕ್ಕಿ ಪುಡಿಯಾದ ಮೆಣಸಿನಕಾಯಿ ಕೆಂಪು ಮೋಡದ ಹಾಗೆ ಎದ್ದಿತು. ವ್ಯಾಪಾರಿ ಬಾಗಿಲು ತೆಗೆದು 'ಬದುಕಿದೆ' ಎನ್ನಬೇಕೆಂದಿದ್ದ, ಬಾಯಿಂದ ಬಂದದ್ದು ಸೀನು. ರೈತ ದೊಣ್ಣೆ ಹಿಡಿದು "ಯಾವನಲೇ ಅವನು, ನನ್ನ..." ಎನ್ನುತ್ತ ಓಡಿ ಬಂದ, ಅವನೂ ಸೀನಿದ. ಮೂವರೂ ಎದುರುಬದುರು ನಿಂತು ಸೀನಿದರೇ ಹೊರತು ಜಗಳ ಮುಂದೆ ಹೋಗಲಿಲ್ಲ. ಬೈಯಲಿಕ್ಕೂ ಉಸಿರು ಬೇಕಲ್ಲ.

ಎಲ್ಲರಿಗಿಂತ ಜೋರಾಗಿ ಸೀನಿದವನು ಚಾಲಕ. ಎಷ್ಟೋ ವರ್ಷದ ನಸ್ಯವೆಲ್ಲ ಒಂದೇ ದಿನ ಹೊರಗೆ ಬಂತು.

ವ್ಯಾಪಾರಿಗೆ ಗಂಟಲು ಉರಿದುಹೋಗುತ್ತಿತ್ತು. ಕಣ್ಣಲ್ಲಿ ದಳದಳ ನೀರು. ಅಂಥ ಹೊತ್ತಿನಲ್ಲೂ ಚಾಲಕನಿಗೆ ತನ್ನ ಮಾನದ ಚಿಂತೆ. ತಪ್ಪು ತನ್ನ ಪೆಟ್ರೋಲಿನದಲ್ಲ ಎಂದು ತೋರಿಸಬೇಕಿತ್ತು. ಎಡಗಡೆ ರೆಕ್ಕೆಯ ಕೆಳಗೆ ಹೋಗಿ ಲೋಟ ತುಂಬ ಬಸಿದುಕೊಂಡು ಬಂದು ವ್ಯಾಪಾರಿಯ ಮೂತಿಯ ಮುಂದೆ ಹಿಡಿದ.

"ನೀವೇ ನೋಡಿ ಸಾವ್ಕಾರ್ರೇ! ಎಲ್ಲಿದೆ ಗೆರೆ? ಗಂಗಾಜಲ!"

ಕಣ್ಣು ಬಿಡಲಾರದ ವ್ಯಾಪಾರಿಯ ಕಿವಿಗೆ ಬಿದ್ದದ್ದು ಜಲ ಎಂಬ ಮಾತೊಂದೇ. ಲೋಟ ಕಸಿದುಕೊಂಡು ಗಟಗಟ ಕುಡಿದುಬಿಟ್ಟ.

ಚಾಲಕ "ಅಯ್ಯೋ!" ಎಂದು ಕೈ ಚಾಚುವಷ್ಟರಲ್ಲಿ ಲೋಟ ಖಾಲಿ. ಇನ್ನು ಈ ಮನುಷ್ಯ ಇಲ್ಲಿಯೇ ಸತ್ತ, ಬೀಗರಿಗೆ ಏನು ಹೇಳಲಿ ಎಂದು ಚಾಲಕ ತಲೆಯ ಮೇಲೆ ಕೈ ಹೊತ್ತ.

ವ್ಯಾಪಾರಿ ಬಾಯಿ ಒರೆಸಿಕೊಂಡ. "ಸ್ವಲ್ಪ ಗ್ಯಾರೇಜಿನ ವಾಸನೆ. ಆದರೂ ಜೀವ ಬಂತಪ್ಪ. ಇನ್ನೊಂದು ಲೋಟ ಕೊಡಿ."

ಚಾಲಕ ಮೆಣಸಿನಕಾಯಿಯ ಮೇಲೆಯೇ ಕುಸಿದು ಕೂತ. ಉರಿಯುವ ಕಣ್ಣು ಒರೆಸಿಕೊಳ್ಳಲು ಅವತ್ತು ಮೊದಲ ಸಲ ಕನ್ನಡಕ ತೆಗೆದ. ರೆಕ್ಕೆಯ ಕೆಳಗೆ ಇನ್ನೂ ತೊಟ್ಟಿಕ್ಕುತ್ತಿತ್ತು. ಬಾವಿಯ ನೀರಿನ ಹಾಗೆ ತಿಳಿಯಾಗಿ, ಬಣ್ಣವೇ ಇಲ್ಲದೆ. ಬೆಳಿಗ್ಗೆ ಬಾಲ ಅಲ್ಲಾಡಿಸುತ್ತ ನೆಕ್ಕಿದ ನಾಯಿ ನೆನಪಾಯಿತು. ಆಮೇಲೆ ಎದ್ದು ಬಲಗಡೆ ಟ್ಯಾಂಕಿನಿಂದ ಒಂದು ಲೋಟ ಬಸಿದ. ನೀಲಿ. ಮೂಗಿಗೆ ಹಿಡಿದ. ಘಾಟು ನೆತ್ತಿಗೆ ಹೊಡೆಯಿತು. ಆ ವಾಸನೆ ಕುಡಿದು ಅವನು ಅತ್ತ. ಮೆಣಸಿನಕಾಯಿಗೆ ಅತ್ತನೋ, ನಾಚಿಕೆಗೆ ಅತ್ತನೋ, ಅವನನ್ನೇ ಕೇಳಬೇಕು.

ರೈತನಿಗೆ ಕೈಮುಗಿದು ಸಮಾಧಾನ ಹೇಳಿದರು. ಇಂಜಿನ್ನಿನ ಹೊಟ್ಟೆಯಲ್ಲಿದ್ದ ನೀರನ್ನೆಲ್ಲ ಬಸಿದು ತೆಗೆದರು. ವ್ಯಾಪಾರಿ ಹತ್ತುವ ಮುಂಚೆ ಒಂದೇ ಮಾತು ಕೇಳಿದ. "ಆ ಗೆರೆ ಬಂದಿತ್ತಲ್ಲ, ಆ ಟ್ಯಾಂಕಿನ ಮೇಲೆಯೇ ತಾನೇ ಹಾರಿಸುವುದು?"

"ಅದರ ಮೇಲೆಯೇ ಸಾವ್ಕಾರ್ರೇ."

"ಹಾಗಾದರೆ ಹತ್ತುತ್ತೇನೆ."

ಆ ಕೆಟ್ಟ ಹೆಸರಿನ ಟ್ಯಾಂಕು ಅವರನ್ನು ಘಟ್ಟ ದಾಟಿಸಿ ಹೊತ್ತಿಗೆ ಸರಿಯಾಗಿ ಇಳಿಸಿತು. ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ಬಿಕ್ಕುತ್ತ ಇಳಿದ ವ್ಯಾಪಾರಿಯನ್ನು ನೋಡಿ ಬೀಗರು, ಮಗಳ ಮೇಲೆ ಎಷ್ಟು ಪ್ರೀತಿ ಈ ಮನುಷ್ಯನಿಗೆ ಎಂದು ತಾವೂ ಕಣ್ಣೊರೆಸಿಕೊಂಡರು. ಆ ವ್ಯಾಪಾರಿ ನಮ್ಮ ಮಠಕ್ಕೆ ಬರುತ್ತಿರುತ್ತಾನೆ. ತೀರ್ಥ ಕೊಟ್ಟರೆ ಈಗಲೂ ಮೂಸಿ ನೋಡಿಯೇ ಕುಡಿಯುತ್ತಾನೆ.

ಗುರುಗಳು ಕತೆ ಮುಗಿಸಿ ಸಿಪ್ಪೆಯನ್ನು ಶಲ್ಯದಿಂದ ಕೊಡವಿದರು.

ಚನ್ನವೀರ ನಕ್ಕು ನಕ್ಕು ಸುಸ್ತಾಗಿದ್ದ. "ಮೂರ್ಖ ಗುರುಗಳೇ, ಶುದ್ಧ ಮೂರ್ಖ! ಲೋಟ ತುಂಬ ನೀರು ಹಿಡಿದುಕೊಂಡು ಗೆರೆ ಎಲ್ಲಿದೆ ಎಂದು ಊರಿಗೆಲ್ಲ ಕೇಳಿದನಲ್ಲ!"

ಆ ಹೊತ್ತಿಗೆ ಕಂಬದ ಮರೆಯಿಂದ ಮರುಳಯ್ಯ ಹೊರಗೆ ಬಂದ. ಕೈಯಲ್ಲಿ ಕೊಡಲಿ, ಮುಖ ಸಪ್ಪಗೆ. ಗುರುಗಳ ಮುಂದೆ ಬಂದು ತಲೆ ತಗ್ಗಿಸಿ ನಿಂತ.

"ಗುರುಗಳೇ, ನಾಳೆಯ ತನಕ ಇಟ್ಟುಕೊಳ್ಳಲು ಆಗುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ನೀವು ಇವನೊಬ್ಬನನ್ನೇ ಕೂರಿಸಿಕೊಂಡು ಕತೆ ಹೇಳುತ್ತಿದ್ದಿರಿ. ಹೊಸ ಮಠಕ್ಕೆ ಇವನನ್ನೇ ಕಳಿಸುತ್ತೀರಿ ಅನ್ನಿಸಿ ಹೊಟ್ಟೆ ಉರಿಯಿತು. ಸೌದೆ ಒಡೆಯುವುದನ್ನು ಬಿಟ್ಟು ಕದ್ದು ಕೇಳಿದೆ. ಕೇಳುತ್ತ ಕೇಳುತ್ತ ಕಂಬದ ಹಿಂದಿದ್ದ ನಿಮ್ಮ ಕಡಲೆಕಾಯಿ ಬುಟ್ಟಿಯನ್ನೂ ಖಾಲಿ ಮಾಡಿದೆ."

ಗುರುಗಳು ಬುಟ್ಟಿಯ ಕಡೆ ಒಮ್ಮೆ ನೋಡಿದರು. ಮುಖ ಸ್ವಲ್ಪ ಬಾಡಿತು. ಆದರೂ ಹೇಳಿದರು: "ಸರಿ. ಹೋಗಿ ಬಟ್ಟೆ ಗಂಟು ಕಟ್ಟಿಕೋ. ಜೀಪು ಬರುವ ಹೊತ್ತಾಯಿತು."

ಮರುಳಯ್ಯನಿಗೆ ತಿಳಿಯಲು ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಕೊಡಲಿಯನ್ನು ಅಲ್ಲಿಯೇ ಬಿಟ್ಟು ಒಳಗೆ ಓಡಿದ.

ಚನ್ನವೀರ ಧಡಕ್ಕನೆ ಎದ್ದು ನಿಂತ. ನಗು ಎಲ್ಲಿ ಹೋಯಿತೋ.

"ಗುರುಗಳೇ, ಇದು ಅನ್ಯಾಯ! ಅವನಲ್ಲಿ ಎಷ್ಟು ದಪ್ಪ ಗೆರೆ ಇದೆ, ಈಗ ನಿಮ್ಮ ಕಣ್ಣೆದುರೇ ಕಂಡಿತಲ್ಲ! ಇಷ್ಟು ದಿನದಲ್ಲಿ ನನ್ನಲ್ಲಿ ಒಂದೇ ಒಂದು ಗೆರೆ ಕಂಡದ್ದುಂಟೇ?"

ಗುರುಗಳು ಕೈಯಲ್ಲಿ ಉಳಿದಿದ್ದ ಕೊನೆಯ ಕಡಲೆಬೀಜವನ್ನು ಅವನ ಅಂಗೈಯಲ್ಲಿ ಇಟ್ಟರು.

"ಗೆರೆ ಕಾಣಬೇಕಾದರೂ ಲೋಟದಲ್ಲಿ ಒಂದಿಷ್ಟು ಪೆಟ್ರೋಲು ಇರಬೇಕು, ತಮ್ಮಾ."